ಮೋಟಾರು ಕಲಿಯಲು ಬಂದ ಅಳಿಯ

ಶ್ರೀನಿವಾಸಪುರದ ಸುತ್ತಮುತ್ತ ಯಾರ ಬಾವಿಯ ಮೋಟಾರು ಸುಟ್ಟರೂ ಅದರ ಬಿಸಿ ಬಂದು ತಟ್ಟುತ್ತಿದ್ದುದು ಕೋದಂಡರಾಮಪ್ಪನಿಗೆ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವನ ಮೋಟಾರ್ ವೈಂಡಿಂಗ್ ಅಂಗಡಿ. ಬೇಸಿಗೆ ಬಂತೆಂದರೆ ಅಂಗಡಿಯ ಮುಂದೆ ಸುಟ್ಟ ಮೋಟಾರುಗಳು ಸರ್ಕಾರಿ ಆಸ್ಪತ್ರೆಯ ರೋಗಿಗಳ ಹಾಗೆ ಸಾಲಾಗಿ ಕೂತಿರುತ್ತಿದ್ದವು. ಅವುಗಳ ಪಕ್ಕದಲ್ಲಿ ಅವುಗಳ ಯಜಮಾನರು ಇನ್ನೂ ದೊಡ್ಡ ರೋಗಿಗಳ ಹಾಗೆ ಕೂತಿರುತ್ತಿದ್ದರು.

ಕೋದಂಡರಾಮಪ್ಪ ಯಾರಿಗೂ ಇಲ್ಲ ಅನ್ನಲಾರದ ಮನುಷ್ಯ. ಮೋಟಾರು ಹೊತ್ತು ತಂದವನಿಗೆ "ಆಗಲಿ" ಅನ್ನುತ್ತಿದ್ದ. ಅವನಿಗೆ ನಂಬಿಕೆ ಬರಲೆಂದು ಎದುರಿಗೇ ಬಿಚ್ಚಿಯೂ ಬಿಡುತ್ತಿದ್ದ. ಬಿಚ್ಚಿದ ಮೋಟಾರನ್ನು ರೈತ ಬೇರೆ ಕಡೆ ಒಯ್ಯಲಾರ. ಇದು ಅವನ ಜಾಣತನ ಎಂದು ಊರಿನವರು ಹೇಳುತ್ತಿದ್ದರು. ಹೆಂಡತಿ ವೆಂಕಟರತ್ನಮ್ಮನಿಗೆ ಮಾತ್ರ ಗೊತ್ತಿತ್ತು, ಅದು ಜಾಣತನವಲ್ಲ, ಒಬ್ಬರೇ ನಾಲ್ಕು ಒಲೆ ಒಟ್ಟಿಗೆ ಹಚ್ಚಿಕೊಂಡವರ ಗಾಬರಿ.

ಅವಳಿಗೆ ಗೊತ್ತಿದ್ದ ಇನ್ನೊಂದು ಸಂಗತಿ ಊರಿಗೆ ಗೊತ್ತಿರಲಿಲ್ಲ. ಗಂಡನ ಕಣ್ಣಿಗೆ ಪೊರೆ ಬಂದಿತ್ತು. ಮೋಟಾರಿನ ಹೊಟ್ಟೆಯಲ್ಲಿ ಸುತ್ತುವ ತಾಮ್ರದ ತಂತಿ ಶಾವಿಗೆಯಷ್ಟು ಸಣ್ಣದು. ಯಾವ ಎಳೆ ಎಲ್ಲಿ ಮುಗಿಯಿತು, ಯಾವ ಬಣ್ಣದ ತುದಿ ಯಾವುದಕ್ಕೆ ಸೇರಬೇಕು ಎಂಬುದೆಲ್ಲ ಅವನಿಗೆ ಈಗ ಅಂದಾಜಿನ ಮಾತು. ಆದರೆ 'ಕೋದಂಡರಾಮಪ್ಪನ ಕೈ' ಎಂದರೆ ಮೂರು ತಾಲ್ಲೂಕಿನಲ್ಲಿ ಹೆಸರು. ಅಂಥ ಕೈಯುಳ್ಳವನು ತನಗೆ ಕಣ್ಣಿಲ್ಲ ಎಂದು ಹೇಗೆ ಹೇಳಿಕೊಳ್ಳುವುದು? ಡಾಕ್ಟರ ಹತ್ತಿರ ಹೋದರೆ ಡಾಕ್ಟರಿಗೆ ಗೊತ್ತಾಗುತ್ತದೆ ಎಂಬ ಭಯಕ್ಕೆ ಅವನು ಡಾಕ್ಟರ ಹತ್ತಿರವೂ ಹೋಗಲಿಲ್ಲ.

ಅದರ ಬದಲು ಸುರುಳಿ ಸುತ್ತುವ ಕೆಲಸವನ್ನು ಸದ್ದಿಲ್ಲದೆ ಮನೆಗೆ ಸಾಗಿಸಿದ. ಒಬ್ಬಳೇ ಮಗಳು ಶ್ಯಾಮಲ ಎಸ್ಸೆಸ್ಸೆಲ್ಸಿ ಮುಗಿಸಿ ಕೆಲವು ವರ್ಷಗಳಾಗಿದ್ದವು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಂಡು, ಕೈಯಿಂದ ತಿರುಗಿಸುವ ಪುಟ್ಟ ಯಂತ್ರದ ಮುಂದೆ ಕೂತು ಸುರುಳಿ ಸುತ್ತಿಡುತ್ತಿದ್ದಳು. ಮನೆಯಲ್ಲಿ ಇದಕ್ಕೆ ಕೆಲಸವೆಂಬ ಹೆಸರಿರಲಿಲ್ಲ. "ಅಕ್ಕಿ ಆರಿಸಿ ಆಯ್ತಾ, ಅಪ್ಪನ ತಂತಿ ಆಯ್ತಾ?" ಎಂದು ಒಂದೇ ಉಸಿರಿನಲ್ಲಿ ಕೇಳುತ್ತಿದ್ದರು. ಆದರೆ ಸುರುಳಿಯನ್ನು ಮೋಟಾರಿನೊಳಗೆ ಕೂರಿಸುವುದು, ತುದಿಗಳನ್ನು ಜೋಡಿಸುವುದು ಅಂಗಡಿಯಲ್ಲೇ ಆಗಬೇಕು. ಬಸ್ ಸ್ಟ್ಯಾಂಡಿನ ಬೀದಿಯಲ್ಲಿ ಹೆಣ್ಣುಮಗಳು ಕೂತು ಮೋಟಾರು ರಿಪೇರಿ ಮಾಡುವುದನ್ನು ಶ್ರೀನಿವಾಸಪುರ ಇನ್ನೂ ನೋಡಿರಲಿಲ್ಲ.

ಹೀಗಿರುವಾಗ ಕೋಲಾರದಿಂದ ಶ್ರೀನಿವಾಸಪ್ಪ ಎಂಬ ಅಧಿಕಾರಿ ಬಂದರು. ಕಸುಬು ಕಲಿಯುವ ಹುಡುಗರನ್ನು ಅಂಗಡಿ, ಕಾರ್ಖಾನೆಗಳಿಗೆ ಅಪ್ರೆಂಟಿಸ್ ಆಗಿ ಸೇರಿಸುವುದು ಅವರ ಕೆಲಸ. ಅವರು ಸ್ಟೂಲಿನ ಮೇಲೆ ಕೂತು, ಎಣ್ಣೆಯ ಮೇಲೆ ಕೂತೆನೆಂದು ತಿಳಿದು ಎದ್ದು, ನಿಂತೇ ಮಾತಾಡಿದರು.

"ನೋಡಿ ಕೋದಂಡರಾಮಪ್ಪನೋರೆ, ಒಂದು ಕಡೆ ಐ.ಟಿ.ಐ. ಪಾಸು ಮಾಡಿ ಮನೇಲಿ ಕೂತಿರೋ ಹುಡುಗರು. ಪುಸ್ತಕ ಓದಿದಾರೆ, ಮೋಟಾರು ಮುಟ್ಟಿಲ್ಲ. ಇನ್ನೊಂದು ಕಡೆ ನಿಮ್ಮಂಥೋರು. ಕೆಲಸ ಗುಡ್ಡೆ ಬಿದ್ದಿದೆ, ಮಾಡೋ ಕೈ ಇಲ್ಲ. ಒಂದು ಮೋಟಾರು ಹತ್ತು ದಿನ ನಿಂತ್ರೆ ಒಂದು ಟೊಮೇಟೊ ತೋಟ ಒಣಗ್ತು. ತೋಟ ಒಣಗಿದ್ರೆ ಮಂಡಿಗೆ ಮಾಲಿಲ್ಲ, ಲಾರಿಗೆ ಬಾಡಿಗೆ ಇಲ್ಲ, ಹಮಾಲಿಗೆ ಕೂಲಿ ಇಲ್ಲ. ದೇಶ ಮುಂದೆ ಬರ್ಬೇಕು ಅಂತೀವಲ್ಲ, ಅದು ಡೆಲ್ಲೀಲಿ ನಿಂತಿಲ್ಲ, ನಿಮ್ಮ ಅಂಗಡಿ ಮುಂದೆ ನಿಂತಿದೆ."

ಕೋದಂಡರಾಮಪ್ಪ ಬಗ್ಗಿ ಅಂಗಡಿಯ ಮುಂದೆ ನೋಡಿದ. ಅಲ್ಲಿ ನಿಂತಿದ್ದುದು ದೇಶವೋ ಎಮ್ಮೆಯೋ ಅವನಿಗೆ ಸ್ಪಷ್ಟವಾಗಲಿಲ್ಲ.

"ಒಬ್ಬ ಹುಡುಗನ್ನ ಒಂದು ವರ್ಷ ಇಟ್ಕೊಂಡು ಕೆಲಸ ಕಲಿಸಿ. ಸರ್ಕಾರದೋರು ಬಂದು ನೋಡ್ತಾರೆ, ಸರ್ಟಿಫಿಕೇಟು ಕೊಡ್ತಾರೆ. ನಿಮ್ಮದು ಸರ್ಕಾರ ಒಪ್ಪಿದ ತರಬೇತಿ ಅಂಗಡಿ ಆಗತ್ತೆ."

ದೇಶದ ಮಾತಿಗೆ ಅಲುಗದ ಕೋದಂಡರಾಮಪ್ಪ ಕೊನೆಯ ಮಾತಿಗೆ ಕರಗಿಹೋದ. ಕಣ್ಣಿರುವ ಹುಡುಗನೊಬ್ಬ ಪಕ್ಕದಲ್ಲಿದ್ದರೆ ತನ್ನ ಕಣ್ಣಿನ ಸುದ್ದಿ ಮುಚ್ಚಿಹೋಗುತ್ತದೆ, ಮೇಲೆ ಗುರು ಎಂಬ ಪಟ್ಟ ಬೇರೆ! "ಆಗಲಿ ಸಾರ್" ಎಂದ. ಹುಡುಗ ರಾಯಲ್ಪಾಡಿನವನು, ದಿನಾ ಬಸ್ಸಿನಲ್ಲಿ ಬಂದುಹೋಗುವುದು ಕಷ್ಟ ಎಂದಾಗ, "ನಮ್ಮನೇಲೇ ಇರ್ಲಿ ಬಿಡಿ, ಹಿಡಿ ಮುದ್ದೆಗೇನು ಬರ" ಎಂದೂ ಹೇಳಿಬಿಟ್ಟ. ಈ ಮಾತನ್ನು ಮನೆಯಲ್ಲಿ ಹೇಳಬೇಕೆಂದು ಸಂಜೆಯವರೆಗೂ ನೆನಪಿಟ್ಟುಕೊಂಡಿದ್ದ. ಆಮೇಲೆ ಮರೆತ.

ಆದ್ದರಿಂದ ಮುಂದಿನ ವಾರ ಕದಿರೇಶ ಎಂಬ ಉದ್ದನೆಯ ಹುಡುಗ ಟ್ರಂಕು ಹೊತ್ತು ತಾಯಿಯ ಜೊತೆ ಬಾಗಿಲಲ್ಲಿ ನಿಂತಾಗ ವೆಂಕಟರತ್ನಮ್ಮ ಅವರನ್ನು ಮನೆ ತಪ್ಪಿ ಬಂದವರೆಂದೇ ತಿಳಿದಳು. ಕೋದಂಡರಾಮಪ್ಪ ಹಿತ್ತಲಿಂದ ಓಡಿಬಂದು, "ಹೇಳಿದ್ನಲ್ಲೇ" ಎಂದ. "ಯಾರಿಗೆ?" ಎಂದಳು ಅವಳು. ಅವನು ಟ್ರಂಕು ಇಳಿಸಿಕೊಳ್ಳಲು ಕೈ ಚಾಚಿದ.

ಹುಡುಗನ ತಾಯಿ ಮುನಿಯಲ್ಲಮ್ಮ ಸಂಸ್ಕಾರವಂತೆ. ಮಗನನ್ನು ಗುರುವಿಗೆ ಒಪ್ಪಿಸುವಾಗ ಬರಿಗೈಯಲ್ಲಿ ಬರುವುದುಂಟೆ? ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಬಾಳೆಹಣ್ಣು, ಬೆಲ್ಲದಚ್ಚು, ಒಂದು ಮೊಳ ಹೂವು ಇಟ್ಟು ಕೋದಂಡರಾಮಪ್ಪನ ಕೈಗೆ ಕೊಟ್ಟಳು. "ಇಂಕ ಮೇಲೆ ನಿಮ್ಮೋನೇ ಅಯ್ಯಾ ಇವ್ನು. ಹೊಡೀರಿ, ಬಡೀರಿ, ಒಂದು ದಾರಿಗೆ ಹಚ್ಚಿ" ಎಂದಳು. ಮನೆಗೆ ಬಂದ ಹೆಂಗಸನ್ನು ಹಾಗೇ ಕಳಿಸಬಾರದೆಂದು ವೆಂಕಟರತ್ನಮ್ಮ ಅವಳಿಗೆ ಹೂವು ಮುಡಿಸಿ, ರವಿಕೆ ಕಣ ಇಟ್ಟು ತಿರುಗಿ ತಾಂಬೂಲ ಕೊಟ್ಟಳು. ಕದಿರೇಶ ಗಂಡಹೆಂಡಿರಿಬ್ಬರ ಕಾಲಿಗೂ ಬಿದ್ದ. ಒಳಗಿನಿಂದ ಶ್ಯಾಮಲ ಎಲ್ಲರಿಗೂ ಕಾಫಿ ತಂದಳು.

ಈ ಸಮಾರಂಭವನ್ನು ಪಕ್ಕದ ಮನೆಯ ಅಕ್ಕಯಮ್ಮ ಗೋಡೆಯಾಚೆ ಸಂಡಿಗೆ ಒಣಹಾಕುತ್ತಾ ನೋಡಿದಳು. ಒಬ್ಬಳೇ ಮಗಳಿರುವ ಮನೆ. ವಯಸ್ಸಿಗೆ ಬಂದ ಹುಡುಗ ಟ್ರಂಕಿನ ಸಮೇತ ಬಂದ. ಎರಡೂ ಕಡೆಯ ತಾಂಬೂಲ ಬದಲಾಯಿತು. ಹುಡುಗ ಕಾಲಿಗೆ ಬಿದ್ದ. ಹುಡುಗಿ ಕಾಫಿ ಕೊಟ್ಟಳು. ಇದಕ್ಕೆ ಬೇರೆ ಅರ್ಥ ಹೇಳುವವರು ಆ ಸೀಮೆಯಲ್ಲಿ ಹುಟ್ಟಿರಲಿಲ್ಲ. ಗಂಡುಮಕ್ಕಳಿಲ್ಲದವರು ಹುಡುಗನೊಬ್ಬನನ್ನು ತಂದು ಮನೆಯಲ್ಲಿಟ್ಟುಕೊಂಡು, ಉಣ್ಣಲಿಕ್ಕಿ, ದುಡಿಸಿ, ಕೆಲಸದಲ್ಲಿ ಗಟ್ಟಿ ಎಂದು ಕಂಡ ಮೇಲೆ ಮಗಳನ್ನು ಕೊಟ್ಟು ಮನೆ ಅಳಿಯ, ಆ ಸೀಮೆಯ ಮಾತಿನಲ್ಲಿ ಇಲ್ಲಟಂ ಅಳಿಯ, ಮಾಡಿಕೊಳ್ಳುವುದು ತಾತಂದಿರ ಕಾಲದಿಂದ ನಡೆದುಬಂದ ಪದ್ಧತಿ.

ಸಂಡಿಗೆ ಒಣಗುವ ಮೊದಲೇ ಸುದ್ದಿ ಬೀದಿ ದಾಟಿತು.

"ಅಲ್ಲ ರತ್ನಮ್ಮ, ಗೋಡೆ ಪಕ್ಕದೋಳಿಗೆ ಒಂದು ಮಾತು ಹೇಳಿದ್ರೆ ನಾನೇನು ಹುಡುಗನ್ನ ಕಿತ್ಕೊಂಡು ಹೋಗ್ತಿದ್ನಾ?" ಎಂದು ಅಕ್ಕಯಮ್ಮ ಸಂಜೆ ಬಂದು ಕೂತಳು.

"ಅಯ್ಯೋ, ಅವ್ನು ಕೆಲಸ ಕಲಿಯೋಕೆ ಬಂದಿರೋನು ಅಕ್ಕಯಮ್ಮ. ಸರ್ಕಾರದೋರು ಕಳಿಸಿದಾರೆ."

"ಹೂಂ. ನಮ್ಮ ಯಜಮಾನ್ರೂ ನಮ್ಮಪ್ಪನ ಮನೆಗೆ ಬೇಸಾಯ ನೋಡ್ಕೊಳೋಕೇ ಬಂದಿದ್ದು" ಎಂದು ಅಕ್ಕಯಮ್ಮ ನಕ್ಕಳು.

ಕೋದಂಡರಾಮಪ್ಪ ಅಲ್ಲಗಳೆದಷ್ಟೂ ಸುದ್ದಿ ಗಟ್ಟಿಯಾಯಿತು. ಹೋಟೆಲಿನಲ್ಲಿ ಅವನು "ಅವ್ನು ಅಳಿಯ ಅಲ್ಲ ಕಣ್ರಪ್ಪ, ಅಪ್ರೆಂಟಿಸು. ಒಂದು ವರ್ಷ ಇಟ್ಕೊಂಡು ನೋಡೋದು" ಎಂದ.

"ಒಳ್ಳೇದು. ನೋಡೇ ಮಾಡ್ಬೇಕು" ಎಂದರು ಅಲ್ಲಿ ಕೂತವರು.

"ಮಾಡೋದಲ್ಲ! ಸರ್ಕಾರವೇ ಅವ್ನಿಗೆ ತಿಂಗಳಿಗೆ ಇಷ್ಟು ದುಡ್ಡು ಅಂತ ಗೊತ್ತು ಮಾಡಿದೆ. ಅರ್ಜಿ ಹಾಕಿದ್ರೆ ಹುಡುಗರನ್ನ ಕಳಿಸ್ತಾರೆ."

ಹೋಟೆಲಿನಲ್ಲಿ ಇಡ್ಲಿ ಬಾಯಿಗೆ ಹೋಗುವುದು ನಿಂತಿತು. ಮೂಲೆಯಲ್ಲಿ ಕೂತಿದ್ದ ಮಾವಿನ ಮಂಡಿಯ ಚನ್ನರಾಯಪ್ಪನಿಗೆ ಇಬ್ಬರು ಹೆಣ್ಣುಮಕ್ಕಳು. ಗಂಡು ಹುಡುಕಿ ಹುಡುಕಿ ಮಾಲೂರಿನ ತನಕ ಚಪ್ಪಲಿ ಸವೆಸಿದ್ದ. ಸರ್ಕಾರ ಇಂಥದೊಂದು ಸವಲತ್ತು ಕೊಡುತ್ತಿರುವುದು ಅವನಿಗೆ ಗೊತ್ತೇ ಇರಲಿಲ್ಲ. ಮಾರನೇ ದಿನ ಇಸ್ತ್ರಿ ಪಂಚೆ ಉಟ್ಟು, ಒಂದು ಬುಟ್ಟಿ ರಸಪುರಿ ಹಣ್ಣು ಹಿಡಿದು, ಮೊದಲ ಬಸ್ಸಿಗೆ ಕೋಲಾರಕ್ಕೆ ಹೋದ.

ಶ್ರೀನಿವಾಸಪ್ಪನವರಿಗೆ ಸಂತೋಷವಾಯಿತು. ಜನರನ್ನು ಅವರೇ ಹುಡುಕಿಕೊಂಡು ಹೋಗುತ್ತಿದ್ದರೇ ಹೊರತು ಜನ ತಾವಾಗಿ ಬಂದು ಅಪ್ರೆಂಟಿಸ್ ಬೇಕೆಂದು ಕೇಳಿದ್ದು ಇದೇ ಮೊದಲು.

"ಎಷ್ಟು ಜನ ಬೇಕು?"

"ಸದ್ಯಕ್ಕೆ ಒಬ್ಬ ಸಾಕು ಸಾರ್. ಎರಡನೇದಕ್ಕೆ ಇನ್ನೂ ಎರಡು ವರ್ಷ ಹೋಗ್ಲಿ."

"ಯಾವ ಕೆಲಸ ಕಲಿತಿರ್ಬೇಕು? ಫಿಟ್ಟರ್? ಎಲೆಕ್ಟ್ರಿಷಿಯನ್?"

"ಯಾವುದಾದ್ರೂ ಆಗ್ಲಿ ಸಾರ್, ಕುಡಿಯೋ ಅಭ್ಯಾಸ ಇರ್ಬಾರ್ದು. ಸ್ವಲ್ಪ ಬೆಳ್ಳಗಿದ್ರೆ ಒಳ್ಳೇದು."

ಶ್ರೀನಿವಾಸಪ್ಪನವರು ಪೆನ್ನು ಕೆಳಗಿಟ್ಟರು. "ಬೆಳ್ಳಗಾ? ನಿಮ್ಮಲ್ಲಿ ತರಬೇತಿಗೆ ಏನೇನು ಸೌಲಭ್ಯ ಇದೆ?"

"ಹೆಂಚಿನ ಮನೆ ಇದೆ. ಎರಡು ಎಮ್ಮೆ ಇವೆ. ದೊಡ್ಡೋಳು ಹೊಲಿಗೆ ಕಲ್ತಿದಾಳೆ, ಅಡುಗೆ ಚೆನ್ನಾಗಿ ಮಾಡ್ತಾಳೆ."

"ಯಾವ ದೊಡ್ಡೋಳು?"

"ನೀವು ಕೋದಂಡಣ್ಣನ ಮಗಳಿಗೆ ಕಳಿಸಿದ್ರಲ್ಲ ಸಾರ್, ಅಂಥೋನೇ ಇದ್ರೆ ಕೊಡಿ" ಎಂದು ಚನ್ನರಾಯಪ್ಪ ಕೈಮುಗಿದ.

ಶ್ರೀನಿವಾಸಪ್ಪನವರು ಹಣ್ಣಿನ ಬುಟ್ಟಿಯನ್ನು ಹಿಂದಕ್ಕೆ ತಳ್ಳಿ, ಶ್ರೀನಿವಾಸಪುರಕ್ಕೆ ಯಾವಾಗ ಹೋಗಬಹುದೆಂದು ಕ್ಯಾಲೆಂಡರ್ ನೋಡಿದರು.

ಇತ್ತ ಅಂಗಡಿಯಲ್ಲಿ ಗುರುಶಿಷ್ಯರ ಕಷ್ಟವೇ ಬೇರೆ. ಕದಿರೇಶನಿಗೆ ಪುಸ್ತಕವೆಲ್ಲ ಬಾಯಿಪಾಠ. ಕರೆಂಟು ಹೇಗೆ ಹರಿಯುತ್ತದೆಂದು ಕೇಳಿದರೆ ಕಾಲುವೆ ನೀರಿನ ಹಾಗೆ ಹೇಳುತ್ತಿದ್ದ. ಆದರೆ ತಂತಿ ಹಿಡಿದರೆ ಅದು ಅವನ ಕೈಯಲ್ಲಿ ಜೀವಂತ ಹಾವಿನಂತೆ ತಿರುಚಿಕೊಳ್ಳುತ್ತಿತ್ತು. ಕೋದಂಡರಾಮಪ್ಪ "ಹಂಗಲ್ಲಪ್ಪ, ಹಿಂಗೆ" ಎನ್ನುತ್ತಿದ್ದ. ಹೇಗೆ ಎಂದು ತೋರಿಸಲು ಹೋದರೆ ಅವನಿಗೇ ತುದಿ ಸಿಗುತ್ತಿರಲಿಲ್ಲ. ಎರಡು ದಿನ ಹೀಗೇ ತಡಕಾಡಿ, ಕೊನೆಗೆ ಬಹಳ ಯೋಚಿಸಿದವನಂತೆ, "ಸುರುಳಿ ಅನ್ನೋದು ಮನೆ ಪಾಠ. ಮಧ್ಯಾಹ್ನ ಹೋಗಿ ನಮ್ಮ ಶ್ಯಾಮಲನ ಹತ್ರ ನೋಡ್ಕೊಂಡು ಬಾ" ಎಂದ.

ಹೀಗಾಗಿ ಮಧ್ಯಾಹ್ನವೆಲ್ಲ ಕೋದಂಡರಾಮಪ್ಪನ ಮನೆಯ ನಡುಮನೆಯಲ್ಲಿ, ಬಾಗಿಲು ತೆರೆದಿಟ್ಟು, ಆ ಕಡೆ ಹುಡುಗಿ ಈ ಕಡೆ ಹುಡುಗ ಕೂತು, ನಡುವೆ ಕೆಂಪಗೆ ಹೊಳೆಯುವ ತಂತಿ ಹಿಡಿದಿರುವುದನ್ನು ಬೀದಿಯಲ್ಲಿ ಹೋಗುವವರೆಲ್ಲ ನೋಡುವಂತಾಯಿತು. ಬಾಗಿಲು ಮುಚ್ಚಿದರೆ ಜನ ಏನಂದುಕೊಂಡಾರೋ ಎಂದು ವೆಂಕಟರತ್ನಮ್ಮನೇ ತೆರೆದಿಡಿಸಿದ್ದಳು.

ಒಳಗೆ ನಡೆಯುತ್ತಿದ್ದ ಮಾತು ಕೇಳಿದ್ದರೆ ಜನಕ್ಕೆ ನಿರಾಸೆಯಾಗುತ್ತಿತ್ತು.

"ಬಿಗಿ ಹಿಡಿ. ಸಡಿಲ ಬಿಟ್ರೆ ಒಂದರ ಮೇಲೊಂದು ಹತ್ಕೊಳತ್ತೆ."

"ಇದ್ರೀ, ಇಲ್ಲಿ ಗೆರೆ ಬಿದ್ದಿದೆ ನೋಡ್ರೀ."

"ಮೇಲಿನ ಪದರ ಕೆರೆದುಹೋಯ್ತು. ಬಿಚ್ಚು. ಎಲ್ಲಾ ಬಿಚ್ಚು. ಅಷ್ಟೇ ತಾನೇ ಅಂತ ಬಿಟ್ರೆ ನಾಳೆ ಬಾವೀಲಿ ಸುಡತ್ತೆ."

ಕದಿರೇಶ ಸಂಕೋಚದ ಹುಡುಗ. ಅವಳನ್ನು ಹೆಸರು ಹಿಡಿದು ಕರೆಯಲಾರ, ಬೇರೆ ಏನೆಂದು ಕರೆಯಬೇಕೋ ತಿಳಿಯ. "ಇದ್ರೀ", "ಏನಂದ್ರೆ" ಎಂದು ತಡವರಿಸಿ ಕಾಲ ಹಾಕುತ್ತಿದ್ದ. ಇಡೀ ಊರು ಇವರಿಬ್ಬರ ಬಗ್ಗೆ ಮಾತಾಡಿತು. ಇವರಿಬ್ಬರನ್ನು ಯಾರೂ ಏನೂ ಕೇಳಲಿಲ್ಲ.

ಸುದ್ದಿ ಬಸ್ಸಿನ ಕಂಡಕ್ಟರ ಜೊತೆ ಮುಳಬಾಗಿಲು ದಾಟಿ ಆವನಿ ಎಂಬ ಊರಿಗೆ ಹೋಯಿತು. ಅಲ್ಲಿ ವೆಂಕಟರತ್ನಮ್ಮನ ತಮ್ಮ ಗಂಗುಲಪ್ಪ ಇದ್ದ. ಸೋದರಮಾವನನ್ನು ಕೇಳದೆ ಸೊಸೆಯ ತಾಂಬೂಲ ಬದಲಾಯಿಸಿದರೆ ಯಾವ ಗಂಡಸು ಸುಮ್ಮನಿರುತ್ತಾನೆ? ಗಂಗುಲಪ್ಪ ರೋಷದಿಂದ ಎದ್ದು ಹೊರಟ. ಹೊರಡುವಾಗ ತನ್ನ ಬಾವಿಯ ಮೋಟಾರು ಸುಟ್ಟಿರುವುದು ನೆನಪಾಗಿ, ಅದನ್ನೂ ಬಸ್ಸಿನ ಮೇಲೆ ಹಾಕಿಸಿಕೊಂಡ.

"ಜಗಳ ಬೇರೆ, ಮೋಟಾರು ಬೇರೆ" ಎಂದು ಅದನ್ನು ಜಗಲಿಯ ಮೇಲೆ ಇಳಿಸಿ, ಅದರ ಪಕ್ಕದಲ್ಲೇ ಕೂತ. "ಭಾವ, ನಾನಿನ್ನೂ ಬದುಕಿದೀನಿ ಅನ್ನೋದು ನಿಮ್ಗೆ ಗೊತ್ತಾ? ಇಲ್ಲಟಂ ಅಳಿಯನ್ನ ತಂದು ಮನೇಲಿ ಕೂರಿಸ್ಕೊಂಡಿದೀರ, ನನ್ನ ಮಗ ಏನು ಕುಂಟನಾ, ಕುರುಡನಾ?"

"ನಿನ್ನ ಮಗ ಇನ್ನೂ ಏಳನೇ ಕ್ಲಾಸು ಕಣೋ ಗಂಗುಲಪ್ಪ" ಎಂದ ಕೋದಂಡರಾಮಪ್ಪ.

"ಕೇಳೋದು ಧರ್ಮ. ನಾನು ಕೊಡಲ್ಲ ಅನ್ನೋದು ನನ್ನಿಷ್ಟ! ಈ ವಿಷ್ಯ ತೀರ್ಮಾನ ಆಗೋತನಕ ಈ ಮನೇಲಿ ಒಂದು ತೊಟ್ಟು ನೀರು ಮುಟ್ಟಲ್ಲ."

ಬಿಸಿಲು ಸುಡುತ್ತಿತ್ತು. ವೆಂಕಟರತ್ನಮ್ಮ ಒಂದು ಚೊಂಬು ಮಜ್ಜಿಗೆ ತಂದು ಜಗಲಿಯ ಮೇಲಿಟ್ಟು ಹೋದಳು. ಗಂಗುಲಪ್ಪ ಅದನ್ನು ಸ್ವಲ್ಪ ಹೊತ್ತು ನೋಡಿ, "ಮಜ್ಜಿಗೆ ನೀರಲ್ಲ" ಎಂದು ತನಗೆ ತಾನೇ ಹೇಳಿಕೊಂಡ. ಸಂಜೆಯ ಹೊತ್ತಿಗೆ ಸಾರು ಕೂಡ ನೀರಲ್ಲ ಎಂದು ತೀರ್ಮಾನವಾಯಿತು.

ಅಂದು ಊಟಕ್ಕೆ ಬಡಿಸುತ್ತಾ ವೆಂಕಟರತ್ನಮ್ಮ ಗಂಡನಿಗೆ ಮೆಲ್ಲಗೆ ಹೇಳಿದಳು. "ಏನೂಂದ್ರೆ, ಹುಡುಗ ಒಳ್ಳೇನು. ನಂಗೂ ಅಕ್ಕರೇನೇ. ಆದ್ರೆ ನಾಳೆ ನಮ್ಮ ಹುಡುಗೀಗೆ ಬೇರೆ ಕಡೆಯಿಂದ ಯಾರು ಬರ್ತಾರೆ? ಕಳಿಸಿಬಿಡಿ. ಇಲ್ಲಾ, ಅವ್ನು ಮಧ್ಯಾಹ್ನ ಇಲ್ಲಿ ಬಂದು ಯಾಕೆ ಕೂರ್ತಾನೆ ಅಂತ ಬಾಯಿಬಿಟ್ಟು ಹೇಳಿ."

ಕೋದಂಡರಾಮಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. ಹುಡುಗನನ್ನು ಕಳಿಸಿದರೆ ಅಂಗಡಿ ಈ ಬೇಸಿಗೆ ದಾಟುವುದಿಲ್ಲ. ಯಾಕೆ ಕೂರುತ್ತಾನೆ ಎಂದು ಹೇಳಿದರೆ ಕೋದಂಡರಾಮಪ್ಪನ ಕೈಯೂ ಹೋಯಿತು, ಹೆಸರೂ ಹೋಯಿತು. "ನೋಡೋಣ" ಎಂದ. ನೋಡುವುದೊಂದು ಬಿಟ್ಟು ಬೇರೆಲ್ಲ ಬರುತ್ತಿದ್ದ ಮನುಷ್ಯ ಅವನು.

ನೋಡುವ ಕಾಲ ಬೆಳಗಾಗುತ್ತಲೇ ಬಂತು. ಜಗಲಿಯ ಮೇಲೆ ಗಂಗುಲಪ್ಪ ಹಲ್ಲುಜ್ಜುತ್ತಿರುವಾಗ ರಾಯಲ್ಪಾಡಿನ ಬಸ್ಸಿನಿಂದ ಮುನಿಯಲ್ಲಮ್ಮ ಇಳಿದಳು. ಮುಖ ಕೆಂಡವಾಗಿತ್ತು.

"ನಾನು ಗಂಡ ಇಲ್ಲದೋಳು ಅಯ್ಯಾ. ನಂಗಿರೋ ಒಬ್ಬನೇ ಮಗ, ಒಂದೇ ಒಂದು ಪಿಲ್ಲೋಡು. ಕೆಲಸ ಕಲೀಲಿ ಅಂತ ಕಳಿಸಿದ್ದು, ಕೊಟ್ಟುಬಿಡೋಕಲ್ಲ. ಇವನೂ ನಿಮ್ಮನೆ ಸೇರಿದ್ರೆ ನನ್ನ ನೋಡೋರ್ಯಾರು? ಲೇ ಕದಿರೇಶ, ಟ್ರಂಕು ತಗೋ!"

"ಅಮ್ಮಾ, ಇನ್ನೂ ಕಲಿತಿಲ್ಲ..." ಎಂದ ಕದಿರೇಶ.

"ಕಲಿತಿದ್ದು ಸಾಕು, ಪದ ಪದ, ನಡಿ ಮನೆಗೆ."

ಅಷ್ಟರಲ್ಲಿ ಕೋಲಾರದ ಬಸ್ಸಿನಿಂದ ಶ್ರೀನಿವಾಸಪ್ಪನವರೂ ಇಳಿದು ಬಂದರು. ಅವರ ಹಿಂದೆ, ತನ್ನ ಅರ್ಜಿ ಏನಾಯಿತೆಂದು ತಿಳಿಯಲು ಚನ್ನರಾಯಪ್ಪ ಬಂದ. ಅಕ್ಕಯಮ್ಮ ಗೋಡೆ ಬಿಟ್ಟು ಜಗಲಿಗೇ ಬಂದಳು. ಅಂಗಡಿ ತೆಗೆಯದೆ ಇರುವುದನ್ನು ಕಂಡು ಮೋಟಾರು ಕೊಟ್ಟ ರೈತರೂ ಮನೆಯ ಕಡೆ ಬಂದರು. ಲಗ್ನಕ್ಕೂ ಇಷ್ಟು ಜನ ಸೇರುವುದು ಅನುಮಾನ.

"ಕೋದಂಡರಾಮಪ್ಪನೋರೆ, ಇದೇನು ಕೇಳ್ತಿರೋದು?" ಶ್ರೀನಿವಾಸಪ್ಪನವರು ಸಿಟ್ಟನ್ನು ಅದುಮಿಕೊಂಡು ಕೇಳಿದರು. "ಸರ್ಕಾರ ಹುಡುಗನ್ನ ಕಳಿಸಿದ್ದು ಅಂಗಡಿಗೆ. ಅವ್ನು ದಿನಾ ಮಧ್ಯಾಹ್ನ ನಿಮ್ಮ ಮನೇಲಿ ಕೂತಿರ್ತಾನಂತೆ. ಕೆಲಸ ಕಲಿಸ್ತಿದೀರೋ, ಸಂಬಂಧ ಕೂಡಿಸ್ತಿದೀರೋ?"

"ಕೆಲಸವೇ ಸಾರ್."

"ಅಂಗಡೀಲಿ ಕಲಿಸೋ ಕೆಲಸ ಮನೇಲಿ ಯಾಕೆ?"

"ಅದು... ನೆರಳು ಚೆನ್ನಾಗಿದೆ ಸಾರ್."

ರೈತರಲ್ಲಿ ಯಾರೋ ಕಿಸಕ್ಕೆಂದರು. "ಹಾಗಾದ್ರೆ ಒಪ್ಪಂದ ರದ್ದು ಮಾಡ್ತೀನಿ. ಹುಡುಗನ್ನ ಬೇರೆ ಕಡೆ ಸೇರಿಸ್ತೀನಿ" ಎಂದರು ಶ್ರೀನಿವಾಸಪ್ಪನವರು. ಕದಿರೇಶ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡ. ಮೆಟ್ಟಿಲು ಇಳಿದ. ಬಾಗಿಲ ಒಳಗೆ ನಿಂತಿದ್ದ ಶ್ಯಾಮಲ ಕೈಯಲ್ಲಿದ್ದ ಸುರುಳಿಯನ್ನು ಸುಮ್ಮನೆ ತಿರುವಿ ತಿರುವಿ ನೋಡುತ್ತಿದ್ದಳು.

ಕೋದಂಡರಾಮಪ್ಪನಿಗೆ ಮೆಟ್ಟಿಲಿಳಿಯುವ ಹುಡುಗ ಒಂದು ಉದ್ದನೆಯ ಮಬ್ಬಾಗಿ ಕಂಡ. ಇನ್ನೆರಡು ಹೆಜ್ಜೆ ಹೋದರೆ ಅದೂ ಕಾಣುವುದಿಲ್ಲ.

"ನಂಗೆ ಕಣ್ಣು ಕಾಣಲ್ಲ" ಎಂದ.

ಕದಿರೇಶ ಟ್ರಂಕು ಹೊತ್ತೇ ತಿರುಗಿ ನಿಂತ.

"ಪೊರೆ ಬಂದಿದೆ ಸಾರ್. ತಂತಿ ಕಾಣಲ್ಲ, ಬಣ್ಣ ಕಾಣಲ್ಲ. ಸುರುಳಿ ಎಲ್ಲಾ ಸುತ್ತೋಳು ನನ್ನ ಮಗಳು. ನಂಗೆ ಕಲಿಸೋಕಾಗಲ್ಲ ಅಂತ ಇವನ್ನ ಅವಳ ಹತ್ರ ಕಳಿಸ್ದೆ. ಹೇಳ್ಕೊಳೋಕೆ ನಾಚಿಕೆ ಆಯ್ತು, ಅಷ್ಟೇ."

ಆಕಾಶ ಕಳಚಿ ಬೀಳುತ್ತದೆಂದು ಅವನು ಕಾದ. ಮೊದಲು ಮಾತಾಡಿದವನು ಹಿಂದೆ ನಿಂತಿದ್ದ ಒಬ್ಬ ರೈತ. "ಗೊತ್ತಿತ್ತಲ್ಲ ಕೋದಂಡಣ್ಣ. ಹೋದ ವರ್ಷ ನಮ್ಮ ಮೋಟಾರು ಉಲ್ಟಾ ತಿರುಗಿದಾಗ್ಲೇ ಗೊತ್ತಾಯ್ತು."

"ನಮ್ಮ ಮೋಟಾರಿಗೆ ಇನ್ನೊಬ್ಬರ ಮುಚ್ಚಳ ಹಾಕ್ಕೊಟ್ಟಿದ್ದ" ಎಂದ ಇನ್ನೊಬ್ಬ. "ನಮ್ಮ ಮುಚ್ಚಳ ಯಾರ ಹತ್ರ ಇದೆಯೋ, ಇರ್ಲಿ ಬಿಡು."

"ಮತ್ತೆ ಯಾಕೆ ಯಾರೂ ಹೇಳಲಿಲ್ಲ?" ಎಂದ ಕೋದಂಡರಾಮಪ್ಪ ದಂಗಾಗಿ.

"ಪಾಪ, ನೀನು ಬೇಜಾರು ಮಾಡ್ಕೊಳ್ತೀಯ ಅಂತ."

ಶ್ರೀನಿವಾಸಪ್ಪನವರು ಕದಿರೇಶನ ಕಡೆ ತಿರುಗಿದರು. "ಏನಪ್ಪ, ನಿಂಗೆ ಕೆಲಸ ಕಲಿಸಿದ್ದು ಯಾರು? ನಿಜ ಹೇಳು."

ಕದಿರೇಶ ಟ್ರಂಕು ಇಳಿಸಿದ. ತಾಯಿಯನ್ನು ನೋಡಿದ. ಬಾಗಿಲ ಕಡೆ ನೋಡಿದ. ಏನೆಂದು ಕರೆಯಬೇಕೋ ತಿಳಿಯದೆ ಎಷ್ಟೋ ದಿನ ತಡವರಿಸಿದ್ದ ಮಾತು ಹೊರಗೆ ಬಂತು.

"ಅಕ್ಕ, ಸಾರ್. ಶ್ಯಾಮಲಕ್ಕ ಕಲಿಸಿದ್ದು."

ಅಕ್ಕಯಮ್ಮ ಕೆನ್ನೆಯ ಮೇಲೆ ಬೆರಳಿಟ್ಟಳು. ಗಂಗುಲಪ್ಪನ ಬಾಯಿಂದ ಬೇವಿನ ಕಡ್ಡಿ ಬಿತ್ತು. ಊರ ಮುಂದೆ ನಿಂತು ಅಕ್ಕ ಎಂದು ಕರೆದ ಮೇಲೆ ಇನ್ನು ಯಾವ ಅಳಿಯ, ಎಲ್ಲಿಯ ತಾಂಬೂಲ? ಆ ಒಂದು ಮಾತಿನ ಮುಂದೆ ಊರು ಒಂದು ತಿಂಗಳ ಕಾಲ ಕಟ್ಟಿದ್ದ ಚಪ್ಪರ ಸದ್ದಿಲ್ಲದೆ ಕುಸಿಯಿತು. ಮುನಿಯಲ್ಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಟ್ರಂಕಿನ ಮೇಲೇ ಕೂತುಬಿಟ್ಟಳು.

"ಈ ಮಾತು ಮೊದಲನೇ ದಿನಾನೇ ಬಂದಿದ್ರೆ ಮಾವನ ಮಜ್ಜಿಗೆ ಉಳೀತಿತ್ತಲ್ಲೋ" ಎಂದಳು ಶ್ಯಾಮಲ.

ಆದರೆ ಶ್ರೀನಿವಾಸಪ್ಪನವರ ಕಷ್ಟ ಆಗ ಶುರುವಾಯಿತು. ಕಲಿಸುವವನಿಗೆ ಕಣ್ಣಿಲ್ಲ. ಕಲಿಸುವವಳಿಗೆ ಸರ್ಟಿಫಿಕೇಟಿಲ್ಲ. ಸರ್ಟಿಫಿಕೇಟು ಇರುವವನಿಗೆ ಕೆಲಸ ಬರುವುದಿಲ್ಲ. ಜಗಲಿಯ ಮೇಲೆ ಕೂತು ಬಹಳ ಹೊತ್ತು ಹಣೆ ಉಜ್ಜಿಕೊಂಡು ಅವರು ಕೊನೆಗೆ ಹೇಳಿದರು. "ಕಾನೂನಿನಲ್ಲಿ ಹೆಣ್ಣುಮಕ್ಕಳು ಬೇಡ ಅಂತ ಎಲ್ಲೂ ಬರೆದಿಲ್ಲ. ಈ ಹುಡುಗೀನೂ ಅಪ್ರೆಂಟಿಸ್ ಆಗಿ ಸೇರ್ಲಿ. ಅಪ್ಪ ಮಗಳಿಗೆ ಕಲಿಸ್ತಾರೆ ಅಂತ ನಾವು ಬರ್ಕೋತೀವಿ. ಅವಳಿಗೆ ಗೊತ್ತಿರೋದನ್ನ ಅವಳು ಒಂದು ವರ್ಷ ಕಲಿತ್ಕೊಳ್ಲಿ. ಆದ್ರೆ ಎರಡು ಷರತ್ತು. ಇಬ್ಬರೂ ಅಂಗಡೀಲಿ ಕೂತು ಕೆಲಸ ಮಾಡ್ಬೇಕು, ಮನೇಲಲ್ಲ. ನೀವು ಕಣ್ಣಿನ ಆಸ್ಪತ್ರೆಗೆ ಹೋಗ್ಬೇಕು."

"ಬಸ್ ಸ್ಟ್ಯಾಂಡಲ್ಲಿ ಹೆಣ್ಣುಹುಡುಗೀನಾ?" ಎಂದಳು ಅಕ್ಕಯಮ್ಮ.

ವೆಂಕಟರತ್ನಮ್ಮ ಅಲ್ಲಿಯವರೆಗೂ ಬಾಗಿಲಿಗೆ ಒರಗಿ ನಿಂತಿದ್ದಳು. "ಜೊತೇಲಿ ಅಪ್ಪ ಇರ್ತಾರೆ, ತಮ್ಮ ಇರ್ತಾನೆ. ಇನ್ನೇನು ಭಯ ಅಕ್ಕಯಮ್ಮ?" ಎಂದಳು. ತಮ್ಮ ಎಂದು ಅವಳು ಹೇಳಿದ ರೀತಿಗೆ ಅಕ್ಕಯಮ್ಮ ಸಂಡಿಗೆ ನೆನಪಾದವಳಂತೆ ಗೋಡೆಯ ಕಡೆ ತಿರುಗಿದಳು.

ಗಂಗುಲಪ್ಪ ಮಾತ್ರ ಸುಲಭಕ್ಕೆ ಒಪ್ಪುವವನಲ್ಲ. "ಎಲ್ಲಾ ಬಾಯಿ ಮಾತಾಯ್ತು. ಒಬ್ಳು ಹುಡುಗಿ, ಒಬ್ಬ ಕೆಲಸ ಬಾರದೋನು ಸೇರಿ ಮೋಟಾರು ಕಟ್ಟಿದ್ರೆ ನಮ್ಮ ಬಾವೀಲಿ ನೀರು ಬರತ್ತಾ? ಅದು ಬರ್ಲಿ, ಆಮೇಲೆ ನಂಬ್ತೀನಿ" ಎಂದು ತನ್ನ ಮೋಟಾರನ್ನು ತೋರಿಸಿದ. ಆವನಿಯಲ್ಲಿ ಅವನ ಟೊಮೇಟೊ ಸಸಿಗಳು ಬಾಡುತ್ತಿದ್ದವು. ಅದಕ್ಕೇ ಅವನ ದನಿ ಅಷ್ಟು ಗಡುಸಾಗಿತ್ತು.

ಅಂಗಡಿಯಲ್ಲಿ ಮೋಟಾರು ಬಿಚ್ಚಿದರು. ಶ್ಯಾಮಲ ಸುರುಳಿ ಸುತ್ತಿದಳು. ಮೊದಲ ದಿನ ಬಸ್ ಸ್ಟ್ಯಾಂಡಿನ ಅರ್ಧ ಜನ ಬಸ್ಸು ಬಿಟ್ಟು ಅವಳನ್ನೇ ನೋಡಿದರು. ಎರಡನೇ ದಿನ ಬಸ್ಸಿಗೆ ಹತ್ತಿದರು. ಕದಿರೇಶ ಸುರುಳಿಗಳನ್ನು ಒಂದೊಂದಾಗಿ ಒಳಗೆ ಕೂರಿಸಿ, ಪೇಪರು ಹಾಕಿ, ಬಿದಿರು ಕಡ್ಡಿ ಬಿಗಿದು, ತುದಿಗಳನ್ನು ಜೋಡಿಸಿದ. ಒಂದು ಕಡೆ ತಪ್ಪಿದ. ಬಿಚ್ಚಿ ಮತ್ತೆ ಮಾಡಿದ. ಕೋದಂಡರಾಮಪ್ಪ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿ, "ಇಲ್ಲಿ ಉಬ್ಬಿದೆ, ತಟ್ಟು" ಎಂದ. ನೋಡಿದರೆ ನಿಜವಾಗಿಯೂ ಉಬ್ಬಿತ್ತು. ಕಲಿಸುವುದಕ್ಕೆ ತನ್ನ ಹತ್ತಿರ ಇನ್ನೂ ಏನೋ ಉಳಿದಿದೆ ಎಂದು ಅವನಿಗೆ ಆಗಲೇ ಗೊತ್ತಾದದ್ದು.

ಮೋಟಾರು ಆವನಿಯ ಬಾವಿಗೆ ಹೋಯಿತು. ಮೂವರೂ ಜೊತೆಗೆ ಹೋದರು. ವಿಷಯ ತಿಳಿದ ಊರಿನವರು ಬಾವಿಯ ಸುತ್ತ ಸೇರಿದ್ದರು. ಕರೆಂಟು ಬರುವ ಹೊತ್ತಿಗೆ ಬರಲಿಲ್ಲ. ಬಂದಾಗ ಎಲ್ಲರೂ ಅದನ್ನು ಬೈಯುತ್ತಿದ್ದರು. ಕದಿರೇಶ ಶ್ಯಾಮಲನ ಮುಖ ನೋಡಿದ. "ಹಾಕು" ಎಂದಳು ಶ್ಯಾಮಲ. ಅವನು ಸ್ಟಾರ್ಟರ್ ಒತ್ತಿದ.

ಮೋಟಾರು ಗುಂಯ್ ಎಂದಿತು. ಹೊಗೆ ಬರಲಿಲ್ಲ. ನೀರೂ ಬರಲಿಲ್ಲ.

"ನಾನು ಹೇಳಲಿಲ್ವಾ!" ಎಂದ ಗಂಗುಲಪ್ಪ, ಅಳುವವನ ದನಿಯಲ್ಲಿ.

"ಸುಮ್ನಿರು, ಸದ್ದು ಸರಿಯಾಗಿದೆ" ಎಂದು ಕೋದಂಡರಾಮಪ್ಪ ತೊಟ್ಟಿಯ ಹತ್ತಿರ ಹೋಗಿ, ಪೈಪಿನ ಬಾಯಿಗೆ ಕಿವಿಕೊಟ್ಟು ಬಗ್ಗಿದ. ಕಿವಿಗೆ ಏನೋ ಕೇಳಿಸಿತು. ಇನ್ನೂ ಚೆನ್ನಾಗಿ ತಿಳಿಯಲೆಂದು ಮುಖವನ್ನೇ ಪೈಪಿನ ಮುಂದೆ ತಂದ.

ಪೈಪು ಒಮ್ಮೆ ಕೆಮ್ಮಿತು. ತುಕ್ಕಿನ ಕೆಂಪು ನೀರು ಮೊದಲು ಬಂತು. ಅದರ ಹಿಂದೆಯೇ, ತೋಳಿನಷ್ಟು ದಪ್ಪದ ತಿಳಿನೀರು ಭೋರೆಂದು ಬಂದು ಕೋದಂಡರಾಮಪ್ಪನ ಮುಖಕ್ಕೆ ಅಪ್ಪಳಿಸಿತು. ಅವನ ಹೆಗಲ ಮೇಲಿದ್ದ ಟವೆಲ್ಲು ತೇಲಿಕೊಂಡು ಸಸಿಗಳ ಕಡೆ ಹೊರಟಿತು. ಊರೆಲ್ಲ ಹೋ ಎಂದಿತು. ಕದಿರೇಶ ಸ್ಟಾರ್ಟರಿನ ಮೇಲಿಂದ ಕೈ ತೆಗೆಯುವುದನ್ನೇ ಮರೆತು ನಿಂತ. ಶ್ಯಾಮಲ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

"ಭಾವ, ಈ ಕಡೆ ಬನ್ನಿ! ನೆನೆದುಹೋದ್ರಿ!" ಎಂದು ಗಂಗುಲಪ್ಪ ಕೂಗಿದ.

ಕೋದಂಡರಾಮಪ್ಪ ಅಲುಗಲಿಲ್ಲ. ನೀರು ತಲೆಯಿಂದ ಕಾಲಿನವರೆಗೆ ಇಳಿಯುತ್ತಿತ್ತು. ಅದರ ನಡುವೆಯೇ ಕಣ್ಣುಗಳನ್ನು ಅಗಲಕ್ಕೆ ತೆರೆದುಕೊಂಡು ನಿಂತಿದ್ದ.

"ಇರೋ ಗಂಗುಲಪ್ಪ" ಎಂದ. "ನೋಡ್ತಾ ಇದ್ದೀನಿ."